ಟೈಲ್ಸ್ ಗಟ್ಟಿಯಾಗಿವೆ, ಸಂದು ಕರಗಿಹೋಗಿದೆ: ಆ್ಯಸಿಡ್ ಬೀಳುವ ನೆಲಕ್ಕೆ ಏನು ಹಾಸಬೇಕು?

ಮಾಚೇನಹಳ್ಳಿ ಶೆಡ್ · ಜೂನ್ 9, ರಾತ್ರಿ

ಎಲ್ಲರಿಗೂ ನಮಸ್ಕಾರ. ಮಾಚೇನಹಳ್ಳಿಯಲ್ಲಿ ಸಣ್ಣದೊಂದು ಜಿಂಕ್ ಪ್ಲೇಟಿಂಗ್ ಶೆಡ್ ನಡೆಸುತ್ತಿದ್ದೇನೆ. ಫೌಂಡ್ರಿಗಳಿಂದ, ಲೇತ್ ಅಂಗಡಿಗಳಿಂದ ಬೋಲ್ಟು, ಕ್ಲಾಂಪು, ಬ್ರಾಕೆಟ್ ಬರುತ್ತವೆ. ತುಕ್ಕು ತೆಗೆದು ಸತುವಿನ ಲೇಪ ಕೊಟ್ಟು ಕಳುಹಿಸುತ್ತೇವೆ. ತುಕ್ಕು ತೆಗೆಯುವುದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ. ಬುಟ್ಟಿಯನ್ನು ಎತ್ತಿ ಮುಂದಿನ ತೊಟ್ಟಿಗೆ ಒಯ್ಯುವಾಗ ಅದು ಸುರಿಯುವುದು ನೆಲದ ಮೇಲೆಯೇ.

ಎರಡು ವರ್ಷದ ಹಿಂದೆ ಒಬ್ಬ ಗುತ್ತಿಗೆದಾರರ ಕೈಯಲ್ಲಿ ಆ್ಯಸಿಡ್ ಪ್ರೂಫ್ ಟೈಲ್ಸ್ ಹಾಕಿಸಿದೆ. ಈಗ ಕಾಲಿಟ್ಟರೆ ಟೈಲ್ಸ್ ಅಲುಗಾಡುತ್ತವೆ. ಟೈಲ್ಸಿಗೆ ಒಂದು ಗೀರೂ ಬಿದ್ದಿಲ್ಲ, ಹೊಳಪೂ ಹೋಗಿಲ್ಲ. ಆದರೆ ಎರಡು ಟೈಲ್ಸ್ ನಡುವೆ ಮೊಳೆ ಚುಚ್ಚಿದರೆ ಒಂದು ಇಂಚು ಸಲೀಸಾಗಿ ಇಳಿಯುತ್ತದೆ, ಹೊರಗೆ ಎಳೆದರೆ ಒದ್ದೆ ಮರಳು ಅಂಟಿಕೊಂಡು ಬರುತ್ತದೆ. ಕಳೆದ ವಾರ ತೊಟ್ಟಿಯ ಸ್ಟ್ಯಾಂಡಿನ ಒಂದು ಕಾಲು ಎರಡು ಬೆರಳಿನಷ್ಟು ಕುಸಿಯಿತು.

ಶೆಡ್ಡಿನ ಹಿಂದೆ ಅರವತ್ತು ಅಡಿ ದೂರದಲ್ಲಿ ಪಕ್ಕದ ಮನೆಯವರ ತೆರೆದ ಬಾವಿ ಇದೆ. ಮಳೆ ಹಿಡಿದಿದೆ, ಬಾವಿಯ ನೀರು ಮೇಲಕ್ಕೆ ಬರುವ ಕಾಲ. ನನ್ನ ನಿದ್ದೆ ಕೆಡಿಸಿರುವುದು ತೊಟ್ಟಿಯಲ್ಲ, ಆ ಬಾವಿ. ಏನು ಮಾಡಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಗಾಂಧಿಬಜಾರ್ ಹಾರ್ಡ್‌ವೇರ್ · ಜೂನ್ 9, ರಾತ್ರಿ

ಅಣ್ಣ, ಟೈಲ್ಸ್ ಕಿತ್ತು ಹಾಕುವ ಖರ್ಚು ಯಾಕೆ? ಎರಡು ಭಾಗದ ಎಪಾಕ್ಸಿ ಪೇಂಟ್ ಬರುತ್ತದೆ. ಒಣಗಿದ ದಿನ ನೋಡಿ ಮೇಲೆ ಎರಡು ಕೋಟ್ ಹೊಡೆಸಿ.

ಹಳೆ ಪೇಟೆ ವೆಲ್ಡರ್, ಭದ್ರಾವತಿ · ಜೂನ್ 10, ಬೆಳಿಗ್ಗೆ

ನಮ್ಮೂರಿನ ಗುಜರಿಯಲ್ಲಿ ಕುಲುಮೆಯಿಂದ ತೆಗೆದ ಬೆಂಕಿ ಇಟ್ಟಿಗೆ ಬೇಕಾದಷ್ಟು ಸಿಗುತ್ತದೆ. ಕಬ್ಬಿಣ ಕರಗುವ ಶಾಖವನ್ನೇ ತಡೆದ ಇಟ್ಟಿಗೆ ನಿಮ್ಮ ಆ್ಯಸಿಡ್ಡಿಗೆ ಜಗ್ಗುತ್ತದೆಯೇ? ಬೇಕಿದ್ದರೆ ಹೇಳಿ, ಲೋಡ್ ಕಳುಹಿಸುವ ವ್ಯವಸ್ಥೆ ಮಾಡುತ್ತೇನೆ.

ಕರಣೆ ಹಿಡಿದವನು, ಭದ್ರಾವತಿ · ಜೂನ್ 10, ಸಂಜೆ

ಮಾಚೇನಹಳ್ಳಿಯವರೆ, ದಯವಿಟ್ಟು ಈ ಎರಡನ್ನೂ ಮಾಡಬೇಡಿ. ನಾನು 31 ವರ್ಷ ಆ್ಯಸಿಡ್ ಇಟ್ಟಿಗೆ ಕಟ್ಟಿದವನು. ಹಳೆ ಪೇಟೆಯ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಇದು ನಮ್ಮ ಭದ್ರಾವತಿಯವರೆಲ್ಲ ಮಾಡುವ ತಪ್ಪು. 1923ರಿಂದ ಕಬ್ಬಿಣ ಕರಗಿಸುತ್ತ ಬಂದ ಊರು, ನಮಗೆ ಬೆಂಕಿ ಇಟ್ಟಿಗೆಯ ಮೇಲೆ ನಂಬಿಕೆ ಜಾಸ್ತಿ. ಬೆಂಕಿಯನ್ನು ತಡೆಯುವುದು ಒಂದು ಗುಣ, ಆಮ್ಲವನ್ನು ತಡೆಯುವುದು ಇನ್ನೊಂದು ಗುಣ. ಬೆಂಕಿ ಇಟ್ಟಿಗೆಯ ಮೈತುಂಬ ಸಣ್ಣ ರಂಧ್ರಗಳಿರುತ್ತವೆ. ಅದನ್ನು ನೆಲಕ್ಕೆ ಹಾಸಿದರೆ ಸ್ಪಂಜಿನಂತೆ ಆ್ಯಸಿಡ್ ಕುಡಿದು ಕೆಳಗಿನ ಕಾಂಕ್ರೀಟಿಗೆ ಹನಿಸುತ್ತದೆ.

ಆ್ಯಸಿಡ್ ಇಟ್ಟಿಗೆಯನ್ನು ಬೇರೆ ಮಣ್ಣಿನಿಂದ, ಬೇರೆ ಹದದಲ್ಲಿ ಸುಡುತ್ತಾರೆ. ಮಣ್ಣು ಅರೆಗಾಜಾಗಿ ರಂಧ್ರಗಳು ಮುಚ್ಚಿಕೊಳ್ಳುವವರೆಗೆ ಸುಡುತ್ತಾರೆ. ಭಾರತೀಯ ಮಾನಕ ಐಎಸ್ 4860ರ ಪ್ರಕಾರ ಒಂದನೇ ದರ್ಜೆಯ ಆ್ಯಸಿಡ್ ಇಟ್ಟಿಗೆ ತನ್ನ ತೂಕದ ಶೇ. 2ಕ್ಕಿಂತ ಹೆಚ್ಚು ನೀರು ಹೀರಬಾರದು, ಎರಡನೇ ದರ್ಜೆಯದು ಶೇ. 4. ಮನೆ ಕಟ್ಟುವ ಸುಟ್ಟ ಇಟ್ಟಿಗೆಗೆ ಶೇ. 20ರವರೆಗೂ ಅವಕಾಶವಿದೆ. ವ್ಯತ್ಯಾಸ ಎಷ್ಟೆಂದು ನೀವೇ ನೋಡಿ.

ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಭರಣಿ ನೆನಪು ಮಾಡಿಕೊಳ್ಳಿ. ಅದೂ ಮಣ್ಣೇ, ಕುಡಿಯುವ ನೀರಿನ ಮಡಕೆಯೂ ಮಣ್ಣೇ. ಮಡಕೆ ಬೆವರುತ್ತದೆ, ಅದಕ್ಕೇ ನೀರು ತಣ್ಣಗಿರುತ್ತದೆ. ಭರಣಿ ಬೆವರುವುದಿಲ್ಲ, ಅದಕ್ಕೇ ಹುಳಿ, ಉಪ್ಪು ವರ್ಷಗಟ್ಟಲೆ ಅದರಲ್ಲಿ ಕುಳಿತರೂ ಏನೂ ಆಗುವುದಿಲ್ಲ. ನಿಮಗೆ ಬೇಕಿರುವುದು ಭರಣಿಯ ಜಾತಿಯ ಇಟ್ಟಿಗೆ.

ಇನ್ನು ಪೇಂಟಿನ ವಿಚಾರ. ಕೆಳಗೆ ಪೊಳ್ಳಾಗಿರುವ ನೆಲದ ಮೇಲೆ ಯಾವ ಪೇಂಟ್ ಹೊಡೆದರೂ ಗಾಯದ ಒಳಗೆ ಕೀವಿಟ್ಟು ಮೇಲೆ ಪಟ್ಟಿ ಕಟ್ಟಿದಂತೆ. ಕಾಲಿಟ್ಟ ಕೂಡಲೇ ಟೈಲ್ಸ್ ಅಲುಗಿ ಸಂದಿನಲ್ಲೇ ಬಿರಿಯುತ್ತದೆ.

ನಿಮ್ಮ ಟೈಲ್ಸಿನಲ್ಲಿ ದೋಷವಿಲ್ಲ. ಅದನ್ನು ಕೂರಿಸಿದ ಗಾರೆ ಮಾಮೂಲಿ ಸಿಮೆಂಟು ಎಂದು ನೀವು ಹೇಳದಿದ್ದರೂ ಗೊತ್ತಾಗುತ್ತದೆ. ನಾನು ಕೆಲಸ ಕಲಿಯುವಾಗ ನನ್ನ ಮೇಸ್ತ್ರಿ ಮೊದಲು ಹೇಳಿಕೊಟ್ಟದ್ದು: ಇಟ್ಟಿಗೆ ನೋಡಬೇಡ, ಸಂದು ನೋಡು. ಸಂದು ಸೋತರೆ ನೆಲ ಸೋತಂತೆ.

ಈಗ ನಾಲ್ಕು ಪ್ರಶ್ನೆ ಕೇಳುತ್ತೇನೆ, ಸರಿಯಾಗಿ ಉತ್ತರಿಸಿ. ನೆಲಕ್ಕೆ ಏನೇನು ಬೀಳುತ್ತದೆ? ಎಷ್ಟು ಸಾಂದ್ರತೆಯದು? ಎಷ್ಟು ಬಿಸಿ? ಒಂದರ ಮೇಲೆ ಒಂದು ಬೀಳುತ್ತದೆಯೇ, ಬೇರೆ ಬೇರೆ ಜಾಗದಲ್ಲಿಯೇ?

ಮಾಚೇನಹಳ್ಳಿ ಶೆಡ್ · ಜೂನ್ 11, ಬೆಳಿಗ್ಗೆ

ಮೇಸ್ತ್ರಿಗಳೆ, ಓದಿದ ಮೇಲೆ ಹಳೆಯ ಬಿಲ್ ತೆಗೆದು ನೋಡಿದೆ. ಟೈಲ್ಸಿನ ಜೊತೆಗೆ ಬರೆದಿರುವುದು ಸಿಮೆಂಟು ಮತ್ತು ಮರಳು ಮಾತ್ರ. ನಾನೇ ಗಮನಿಸಬೇಕಿತ್ತು.

ನಮ್ಮ ಸಾಲು ಹೀಗಿದೆ. ಮೊದಲು ಎಣ್ಣೆ, ಗ್ರೀಸ್ ತೆಗೆಯಲು ಕಾಸ್ಟಿಕ್ ಸೋಡಾ ತೊಟ್ಟಿ, ಸುಮಾರು 65 ಡಿಗ್ರಿ ಬಿಸಿ. ತೊಳೆದು ಪಿಕ್ಲಿಂಗ್ ತೊಟ್ಟಿಗೆ, ಅಂದರೆ ತುಕ್ಕು ತೆಗೆಯುವ ತೊಟ್ಟಿಗೆ, ಅಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಶೇ. 12ರ ಆಸುಪಾಸು, ಬಿಸಿ ಮಾಡುವುದಿಲ್ಲ. ಮತ್ತೆ ತೊಳೆದು ಜಿಂಕ್ ತೊಟ್ಟಿ. ಕೊನೆಗೆ ಹೊಳಪಿಗೆ ಶೇ. 1ರ ನೈಟ್ರಿಕ್ ಆಮ್ಲದಲ್ಲಿ ಒಂದು ಮುಳುಗು, ನಂತರ ಪ್ಯಾಸಿವೇಶನ್, ಅಂದರೆ ಸತುವಿನ ಲೇಪ ಬೇಗ ಕೆಡದಂತೆ ಕಾಯುವ ಕೊನೆಯ ಮುಳುಗು. ಸಾಂದ್ರ ನೈಟ್ರಿಕ್ ಕ್ಯಾನ್‌ಗಳನ್ನು ಈಶಾನ್ಯ ಮೂಲೆಯಲ್ಲಿ ಇಡುತ್ತೇವೆ. ಎಲ್ಲದರ ನೀರೂ ಒಂದೇ ಚರಂಡಿಗೆ ಸೇರಿ ಹೊರಗಿನ ಸಂಸ್ಕರಣಾ ತೊಟ್ಟಿಗೆ ಹೋಗುತ್ತದೆ.

ಕರಣೆ ಹಿಡಿದವನು, ಭದ್ರಾವತಿ · ಜೂನ್ 11, ರಾತ್ರಿ

ಇಷ್ಟು ವಿವರ ಕೊಟ್ಟಿರಲ್ಲ, ಅರ್ಧ ಕೆಲಸ ಮುಗಿಯಿತು. ಹೆಚ್ಚಿನ ಮಾಲೀಕರು "ಆ್ಯಸಿಡ್ ಬೀಳುತ್ತದೆ" ಎಂದಷ್ಟೇ ಹೇಳುತ್ತಾರೆ. ಡಾಕ್ಟರ ಬಳಿ ಹೋಗಿ "ನೋವು" ಎಂದಷ್ಟೇ ಹೇಳಿದಂತೆ.

ಆ್ಯಸಿಡ್ ತಡೆಯುವ ಗಾರೆ ಒಂದೇ ಅಲ್ಲ. ಐಎಸ್ 4832ರಲ್ಲಿ ಮೂರು ಭಾಗ ಮಾಡಿದ್ದಾರೆ: ಸಿಲಿಕೇಟ್, ರೆಸಿನ್, ಗಂಧಕ. ಮೂರನ್ನೂ ನಾನು ಕೈಯಾರೆ ಕಲಸಿದ್ದೇನೆ.

ಸಿಲಿಕೇಟ್ ಗಾರೆ ಸಾಂದ್ರ ಗಂಧಕಾಮ್ಲಕ್ಕೂ ನೈಟ್ರಿಕ್‌ಗೂ ಬಗ್ಗುವುದಿಲ್ಲ. ಶಾಖವನ್ನೂ ತಡೆಯುತ್ತದೆ. ಗಂಧಕಾಮ್ಲದ ಕಾರ್ಖಾನೆಗಳ ಗೋಪುರಗಳ ಒಳಗೆ, ದೊಡ್ಡ ಚಿಮಣಿಗಳ ಒಳಗೆ ಅದೇ ರಾಜ. ಆದರೆ ಅದಕ್ಕೆ ಕ್ಷಾರ ಆಗದು. ನಿಮ್ಮ ಕಾಸ್ಟಿಕ್ ಬಿದ್ದ ಜಾಗದಲ್ಲಿ ಸಿಲಿಕೇಟ್ ಸಂದು ದಿನದಿನಕ್ಕೆ ಸವೆಯುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವೂ ಆಗದು, ಅದು ಗಾಜನ್ನೇ ತಿನ್ನುವ ಆಮ್ಲ. ಅಂಥ ಕಡೆ ಕಾರ್ಬನ್ ಇಟ್ಟಿಗೆಯೇ ಬೇಕು. ಕರಾವಳಿಯ ಕಡೆ ಒಂದು ಕೆಲಸದಲ್ಲಿ ಸಿಲಿಕೇಟಿನಿಂದ ಕಟ್ಟಿದ್ದೆವು. ಸೋಡಿಯಂ ಸಿಲಿಕೇಟ್ ಬಳಸಿದ್ದ ಹಳೆಯ ಭಾಗದಲ್ಲಿ ಸಂದುಗಳು ಬಿಳಿ ಹರಳು ಕಟ್ಟಿ ಉಬ್ಬಿ, ಇಟ್ಟಿಗೆಗಳನ್ನೇ ಹೊರಕ್ಕೆ ತಳ್ಳಿದ್ದವು. ಗಂಧಕಾಮ್ಲ ಸೇರಿ ಸೋಡಿಯಂ ಸಲ್ಫೇಟ್ ಆಗಿ, ನೀರು ಕುಡಿದು ಹಿಗ್ಗಿದ ಪರಿಣಾಮ. ಪೊಟ್ಯಾಸಿಯಂ ಸಿಲಿಕೇಟಿನಲ್ಲಿ ಈ ಕಾಟವಿಲ್ಲ.

ಗಂಧಕದ ಗಾರೆಯನ್ನು ಕರಗಿಸಿ ಸಂದಿಗೆ ಸುರಿಯಬೇಕು. 120ರಿಂದ 140 ಡಿಗ್ರಿಯಲ್ಲಿ ನೀರಿನಂತೆ ಹರಿಯುತ್ತದೆ. ಅವಸರ ಮಾಡಿ ಬೆಂಕಿ ಹೆಚ್ಚಿಸಿದರೆ 160 ದಾಟುತ್ತಿದ್ದಂತೆ ತೆಳ್ಳಗಾಗುವ ಬದಲು ಜೋನಿಬೆಲ್ಲದಂತೆ ಮಂದವಾಗಿ ಸೌಟಿಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಕಂಡಾಗ ನಾವೆಲ್ಲ ಗಾಬರಿಯಾಗಿದ್ದೆವು. ತಣ್ಣಗಾದ ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ. ಆದರೆ ಬಿಸಿ ದ್ರವ ಬೀಳುವ ಜಾಗಕ್ಕೆ ಸಲ್ಲದು, ಕ್ಷಾರಕ್ಕೂ ಸಲ್ಲದು. ನಿಮಗೆ ಬೇಡ.

ಉಳಿದದ್ದು ರೆಸಿನ್. ಅದರಲ್ಲೂ ಮನೆ ಬೇರೆ ಬೇರೆ. ಫೀನಾಲಿಕ್ ಆಮ್ಲಕ್ಕೆ ಒಳ್ಳೆಯದು, ಕ್ಷಾರಕ್ಕೆ ಅಲ್ಲ. ಎಪಾಕ್ಸಿ ಕ್ಷಾರಕ್ಕೂ ತೆಳು ಆಮ್ಲಕ್ಕೂ ನಿಲ್ಲುತ್ತದೆ, ಇಟ್ಟಿಗೆಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆದರೆ ಬಿಸಿಯಲ್ಲಿ ಸೊರಗುತ್ತದೆ. ಫ್ಯೂರಾನ್ ಆಮ್ಲ, ಕ್ಷಾರ ಎರಡಕ್ಕೂ ನಿಲ್ಲುತ್ತದೆ, ಬಿಸಿಗೂ ನಿಲ್ಲುತ್ತದೆ. ಇದ್ದಿಲಿನಷ್ಟು ಕಪ್ಪು. ಮೆಕ್ಕೆಜೋಳದ ದಂಟು, ಕಬ್ಬಿನ ಸಿಪ್ಪೆಯಿಂದ ತೆಗೆಯುವ ಫರ್ಫ್ಯೂರಲ್ ಅದರ ಮೂಲ. ಹೊಲದ ಕಸದಿಂದ ಇಂಥ ಗಟ್ಟಿ ವಸ್ತು ಹುಟ್ಟುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು. ಅದರ ದೊಡ್ಡ ಶತ್ರು ಸಾಂದ್ರ ನೈಟ್ರಿಕ್, ಕ್ರೋಮಿಕ್‌ನಂಥ ಸುಡುವ ಆಮ್ಲಗಳು.

ಹಾಗಾಗಿ ನಿಮ್ಮ ಇಡೀ ಸಾಲಿಗೆ ಮತ್ತು ಚರಂಡಿಗೆ ಫ್ಯೂರಾನ್. ನೈಟ್ರಿಕ್ ಕ್ಯಾನ್ ಇಡುವ ಮೂಲೆಯೊಂದಕ್ಕೆ ಪೊಟ್ಯಾಸಿಯಂ ಸಿಲಿಕೇಟ್ ಗಾರೆ. ಆ ಮೂಲೆಗೆ ನಾಲ್ಕಿಂಚು ಎತ್ತರದ ಕಟ್ಟೆ ಕಟ್ಟಿ ಬೇರೆ ಮಾಡಿ.

ಆದರೆ ಈಗ ಏನನ್ನೂ ಹಾಕಿಸಬೇಡಿ. ಮಳೆ ನಿಲ್ಲಲಿ.

ಹೊಸನಗರ ರಬ್ಬರ್ ತೋಟ · ಜೂನ್ 12, ಮಧ್ಯಾಹ್ನ

ನಾನೂ ಕೇಳಬಹುದೇ ಮೇಸ್ತ್ರಿಗಳೆ? ನಮ್ಮದು ರಬ್ಬರ್ ಶೀಟ್ ಮಾಡುವ ಮನೆ. ಹಾಲನ್ನು ಹೆಪ್ಪುಗಟ್ಟಿಸಲು ಫಾರ್ಮಿಕ್ ಆಮ್ಲ ಬಳಸುತ್ತೇವೆ. ಟ್ರೇ ಇಡುವ ಕಟ್ಟೆಗೆ ಕಡಪ ಕಲ್ಲು ಹಾಸಿದ್ದೆವು, ಗಟ್ಟಿ ಕಲ್ಲು ಎಂದು. ನಾಲ್ಕು ವರ್ಷಕ್ಕೆ ಸಿಡುಬು ಎದ್ದ ಮುಖದಂತೆ ಗುಂಡಿ ಗುಂಡಿ. ರೋಲರ್ ಕೆಳಗಿನ ಸಿಮೆಂಟ್ ನೆಲದಲ್ಲಿ ಜಲ್ಲಿ ಎದ್ದು ಬರಿಗಾಲಿಗೆ ಚುಚ್ಚುತ್ತದೆ. ಕೆಲಸಕ್ಕೆ ಬರುವ ಹೆಂಗಸರ ಪಾದ ನೋಡಿದರೆ ಸಂಕಟವಾಗುತ್ತದೆ.

ರಸಾಯನ ಮೇಷ್ಟ್ರು, ಸಾಗರ · ಜೂನ್ 12, ಸಂಜೆ

ಅಕ್ಕ, ಕಡಪ ಕಲ್ಲು ಸುಣ್ಣಕಲ್ಲಿನ ಜಾತಿ. ಶಹಾಬಾದ್ ಕಲ್ಲೂ ಅಷ್ಟೇ. ಅದರ ಮೇಲೆ ಒಂದು ಹನಿ ಆಮ್ಲ ಬಿಟ್ಟು ಕಣ್ಣು ಹತ್ತಿರ ತಂದು ನೋಡಿದರೆ ಸಣ್ಣಗೆ ನೊರೆ ಏಳುವುದು ಕಾಣುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬರುವ ನೊರೆ ಅದು. ಅಡುಗೆಮನೆಯ ಕಡಪ ಕಟ್ಟೆಯ ಮೇಲೆ ನಿಂಬೆಹಣ್ಣು ಹಿಂಡಿದ ಗುರುತು ಹೋಗದಿರುವುದೂ ಇದೇ ಕಾರಣಕ್ಕೆ. ಗ್ರಾನೈಟ್ ಹಾಗಲ್ಲ, ಅದು ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್ ಸೇರಿದ ಕಲ್ಲು, ಮಾಮೂಲಿ ಆಮ್ಲಗಳಿಗೆ ಜಗ್ಗುವುದಿಲ್ಲ.

ನಮ್ಮ ಜಂಬಿಟ್ಟಿಗೆ ಕಲ್ಲಿನ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮಲೆನಾಡಿನ ಮಳೆಗೆ ತಲೆಮಾರುಗಟ್ಟಲೆ ನಿಂತ ಕಲ್ಲು ನಿಜ. ಆದರೆ ಅದರ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್, ಹೈಡ್ರೋಕ್ಲೋರಿಕ್ ಆಮ್ಲ ತುಕ್ಕನ್ನು ತೆಗೆಯುವಂತೆ ಅದನ್ನೂ ಕರಗಿಸುತ್ತದೆ. ಮೈತುಂಬ ತೂತು ಬೇರೆ.

ಸಿಮೆಂಟಿನ ಕಥೆ: ಅದರ ಒಳಗಿರುವ ಸುಣ್ಣ ಆಮ್ಲದೊಂದಿಗೆ ಸೇರುತ್ತದೆ. ಹೈಡ್ರೋಕ್ಲೋರಿಕ್ ಆದರೆ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ನೀರಿನಲ್ಲಿ ಕೊಚ್ಚಿಹೋಗುತ್ತದೆ, ಮರಳು ಮಾತ್ರ ಉಳಿಯುತ್ತದೆ. ಮಾಚೇನಹಳ್ಳಿಯವರ ಮೊಳೆಗೆ ಅಂಟಿದ್ದು ಅದೇ ಮರಳು. ಗಂಧಕಾಮ್ಲ ಬಿದ್ದಿದ್ದರೆ ಜಿಪ್ಸಂ ಆಗಿ ಸುಣ್ಣದ ಮುದ್ದೆಯಂತೆ ಬೆಳ್ಳಗೆ ಉಬ್ಬಿ ಟೈಲ್ಸನ್ನು ಮೇಲೆತ್ತುತ್ತಿತ್ತು. ಹಾಳಾದ ನೆಲ ನೋಡಿಯೇ ಯಾವ ಆಮ್ಲ ಎಂದು ಊಹಿಸಬಹುದು.

ಕರಣೆ ಹಿಡಿದವನು, ಭದ್ರಾವತಿ · ಜೂನ್ 12, ರಾತ್ರಿ

ಮೇಷ್ಟ್ರು ಸರಿಯಾಗಿ ಹೇಳಿದರು. ಹೊಸನಗರದ ಅಕ್ಕನವರೆ, ನಿಮ್ಮಲ್ಲಿ ಆಮ್ಲ ತೆಳು, ಬಿಸಿಯಿಲ್ಲ. ಕಟ್ಟೆಗೆ ಗ್ರಾನೈಟ್ ಚಪ್ಪಡಿ, ನೆಲಕ್ಕೆ ದೊರಗು ಮೈಯ ಆ್ಯಸಿಡ್ ಟೈಲ್ಸ್ ಸಾಕು. ಸಂದಿಗೆ ಫ್ಯೂರಾನ್ ಇಲ್ಲವೇ ವಿನೈಲ್ ಎಸ್ಟರ್ ಎಂಬ ಇನ್ನೊಂದು ರೆಸಿನ್ ಗಾರೆ ಹಾಕಿಸಿ. ಫಾರ್ಮಿಕ್, ಅಸೆಟಿಕ್‌ನಂಥ ಸಾವಯವ ಆಮ್ಲಗಳು ಎಪಾಕ್ಸಿಯನ್ನು ಮೆತ್ತಗೆ ಮಾಡುತ್ತವೆ. ಕ್ಯಾನಿನಿಂದ ಆಮ್ಲ ಅಳೆಯುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಟಬ್ ಇಟ್ಟು ಅದರೊಳಗೇ ಅಳೆಯಿರಿ. ಸಾಂದ್ರ ಆಮ್ಲ ನೆಲ ಕಾಣಲೇಬಾರದು. ನೆಲಕ್ಕೆ ಅಡಿಗೆ ಕಾಲಿಂಚು ವಾಟ ಕೊಡಿಸಿ, ನೀರು ನಿಲ್ಲದಿದ್ದರೆ ಅರ್ಧ ಆಯುಷ್ಯ ಹೆಚ್ಚುತ್ತದೆ.

ಕೊಪ್ಪದ ಕೃಷಿಕ · ಜೂನ್ 14, ಬೆಳಿಗ್ಗೆ

ಓದುತ್ತಿದ್ದೇನೆ, ಬಹಳ ಉಪಯುಕ್ತ ಚರ್ಚೆ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಎಂದು ಅಪ್ಪ ಗದರುತ್ತಿದ್ದುದು ನೆನಪಾಯಿತು. ಕಬ್ಬಿಣಕ್ಕೆ ತಾಮ್ರ ಹತ್ತಿ ಬಕೆಟ್ ತೂತಾಗುತ್ತಿತ್ತು. ನಮ್ಮ ಗೋಬರ್ ಗ್ಯಾಸಿನ ಗುಂಡಿಯ ಹೊರಬಾಯಿಯ ಗೋಡೆ ಸಗಣಿ ನೀರಿಗಿಂತ ಮೇಲ್ಭಾಗದಲ್ಲೇ ಪುಡಿಯಾಗುತ್ತಿದೆ. ಅಲ್ಲಿ ನಾವು ಯಾವ ಆಮ್ಲವನ್ನೂ ಹಾಕಿಲ್ಲವಲ್ಲ?

ರಸಾಯನ ಮೇಷ್ಟ್ರು, ಸಾಗರ · ಜೂನ್ 14, ರಾತ್ರಿ

ನೀವು ಹಾಕಿಲ್ಲ, ಬ್ಯಾಕ್ಟೀರಿಯಾ ಹಾಕಿದೆ. ಸಗಣಿಯಿಂದ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಒದ್ದೆ ಗೋಡೆಯ ಮೇಲೆ, ಗಾಳಿ ಸಿಗುವ ಕಡೆ, ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತದೆ. ಒಳಚರಂಡಿ ಕೊಳವೆಗಳ ನೆತ್ತಿ ತಳಕ್ಕಿಂತ ಮೊದಲೇ ಕೊರೆದುಹೋಗುವುದಕ್ಕೂ ಇದೇ ಕಾರಣ. ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲಿ ಇದನ್ನು ತೋರಿಸಿಕೊಟ್ಟರು. ಗುಂಡಿಯ ಒಳಗೆ ಗಾಳಿಯಿಲ್ಲ, ಆದ್ದರಿಂದ ಗುಮ್ಮಟ ಉಳಿದಿದೆ. ಹೊರಬಾಯಿಯಲ್ಲಿ ಗಾಳಿಯಿದೆ. ಸಡಿಲವಾದದ್ದನ್ನೆಲ್ಲ ಕೆರೆದು, ಒಣಗಿಸಿ, ಆ ಮೊಳದಷ್ಟು ಜಾಗಕ್ಕೆ ಎಪಾಕ್ಸಿ ಹೊಡೆಸಿ. ನಿಮಗೆ ಇಟ್ಟಿಗೆ ಹೊದಿಕೆಯ ಅಗತ್ಯವಿಲ್ಲ.

ಇಲ್ಲೇ ಇನ್ನೊಂದು ಮಾತು. ಗಂಧಕಾಮ್ಲ ತಯಾರಿಕೆಯ ಇತಿಹಾಸವೇ ಪಾತ್ರೆಯ ಹುಡುಕಾಟದ ಇತಿಹಾಸ. 1746ರಲ್ಲಿ ಇಂಗ್ಲೆಂಡಿನ ಜಾನ್ ರೋಬಕ್ ಗಾಜಿನ ಬುರುಡೆಗಳನ್ನು ಬಿಟ್ಟು ಸೀಸದ ಕೋಣೆಗಳಲ್ಲಿ ಆಮ್ಲ ಮಾಡಿದ ಮೇಲೆಯೇ ಅದು ಅಗ್ಗವಾಯಿತು. ನೂರು ವರ್ಷ ಕಳೆದ ಮೇಲೆ ಬಂದ ಗ್ಲೋವರ್ ಗೋಪುರದಲ್ಲಿ ಬಿಸಿ ಅನಿಲವನ್ನು ಬರಿಯ ಸೀಸ ತಡೆಯದು, ಹಾಗಾಗಿ ಒಳಗೆ ಆಮ್ಲ ನಿರೋಧಕ ಇಟ್ಟಿಗೆ ಕಟ್ಟಿದರು. ಹೊರಗೆ ಸೀಸ, ಒಳಗೆ ಇಟ್ಟಿಗೆ. ಮೇಸ್ತ್ರಿಗಳು ಇಂದಿಗೂ ಮಾಡುವುದು ಅದನ್ನೇ ಅಲ್ಲವೇ?

ಕರಣೆ ಹಿಡಿದವನು, ಭದ್ರಾವತಿ · ಜೂನ್ 15, ರಾತ್ರಿ

ಅದನ್ನೇ ಮೇಷ್ಟ್ರೆ. ಎಲ್ಲರೂ ತಪ್ಪು ತಿಳಿಯುವುದೂ ಅಲ್ಲಿಯೇ. ಸೋರದಂತೆ ತಡೆಯುವುದು ಇಟ್ಟಿಗೆ ಎಂದು ಜನ ಅಂದುಕೊಳ್ಳುತ್ತಾರೆ. ಎಷ್ಟೇ ಚೆನ್ನಾಗಿ ಕಟ್ಟಿದರೂ ಇಟ್ಟಿಗೆ ಹೊದಿಕೆಯ ಮೂಲಕ ದ್ರವ ನಿಧಾನವಾಗಿ ಹಿಂದಕ್ಕೆ ಜಿನುಗುತ್ತದೆ. ನಿಜವಾಗಿ ತಡೆಯುವುದು ಅದರ ಹಿಂದಿನ ಪದರ: ಸೀಸ, ರಬ್ಬರ್, ಡಾಂಬರಿನ ಮ್ಯಾಸ್ಟಿಕ್, ಪ್ಲಾಸ್ಟಿಕ್ ಹಾಳೆ, ಜಾಗಕ್ಕೆ ತಕ್ಕಂತೆ. ಆ ಪದರ ಮೆತ್ತನೆಯದು. ಬಿಸಿಗೆ ಕರಗುತ್ತದೆ, ಟ್ರಾಲಿಯ ಚಕ್ರಕ್ಕೆ ಹರಿಯುತ್ತದೆ. ಅದನ್ನು ಬಿಸಿಯಿಂದ, ಏಟಿನಿಂದ ಕಾಯುವುದು ಇಟ್ಟಿಗೆಯ ಕೆಲಸ. ಚಿನ್ನದ ಅದಿರನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಆಮ್ಲದೊಳಗೆ ಬೇಯಿಸುವ ದೈತ್ಯ ಆಟೋಕ್ಲೇವ್‌ಗಳಲ್ಲೂ, ಅಂದರೆ ಕುಕ್ಕರಿನಂಥ ಒತ್ತಡದ ಪಾತ್ರೆಗಳಲ್ಲೂ, ಉಕ್ಕಿನ ಹೊಟ್ಟೆ, ಅದಕ್ಕೆ ಸೀಸ, ಅದರ ಮೇಲೆ ಇಟ್ಟಿಗೆ. ರಸಗೊಬ್ಬರಕ್ಕೆ ಫಾಸ್ಫರಿಕ್ ಆಮ್ಲ ಮಾಡುವ ತೊಟ್ಟಿಗಳಲ್ಲಿ ರಬ್ಬರ್ ಪದರ, ಅದರ ಮೇಲೆ ಕಾರ್ಬನ್ ಇಟ್ಟಿಗೆ.

ಮಾಚೇನಹಳ್ಳಿಯವರೆ, ನಿಮ್ಮ ನೆಲದಲ್ಲಿ ಗಾರೆ ಸರಿಯಿಲ್ಲದ್ದು ಒಂದನೇ ತಪ್ಪು. ಟೈಲ್ಸ್ ಕೆಳಗೆ ಪದರವೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ತಪ್ಪು. ಬಾವಿಗೆ ಅಪಾಯ ಬಂದಿರುವುದು ಅದರಿಂದ.

ಮಾಚೇನಹಳ್ಳಿ ಶೆಡ್ · ಜೂನ್ 16, ಬೆಳಿಗ್ಗೆ

ಇದನ್ನು ಓದಿ ಬೆಳಿಗ್ಗೆಯೇ ಪಿಕ್ಲಿಂಗ್ ನಿಲ್ಲಿಸಿದೆ. ಪಕ್ಕದ ಮನೆಯವರಿಗೆ ನಾನೇ ಹೋಗಿ ವಿಷಯ ಹೇಳಿದೆ. ಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೇನೆ, ಫಲಿತಾಂಶ ಬರುವವರೆಗೆ ಕುಡಿಯುವ ನೀರು ನಮ್ಮ ಕಡೆಯಿಂದಲೇ ಹೋಗುತ್ತದೆ. ಮಳೆಗಾಲ ಮುಗಿಯುವವರೆಗೆ ಕೆಲಸ ಪೂರ್ತಿ ನಿಲ್ಲಿಸಲಾರೆ, ಏಳು ಜನರ ಸಂಬಳವಿದೆ. ಬೇರೆ ದಾರಿ ಇದೆಯೇ?

ಕರಣೆ ಹಿಡಿದವನು, ಭದ್ರಾವತಿ · ಜೂನ್ 16, ಮಧ್ಯಾಹ್ನ

ಇದೆ. ದಪ್ಪನೆಯ ಪಿವಿಸಿ ಹಾಳೆಯನ್ನು ಬಿಸಿ ಗಾಳಿಯಲ್ಲಿ ಬೆಸೆದು ಅಂಚೆತ್ತಿದ ತಟ್ಟೆ ಮಾಡಿಸಿ, ಪಿಕ್ಲಿಂಗ್ ತೊಟ್ಟಿಯನ್ನೂ ಅದರ ಪಕ್ಕದ ತೊಳೆಯುವ ತೊಟ್ಟಿಯನ್ನೂ ಅದರೊಳಗೆ ಇಡಿ. ಎರಡರ ನಡುವೆ ಇಳಿಜಾರಾದ ಹನಿಹಲಗೆ ಹಾಕಿ, ಬುಟ್ಟಿಯಿಂದ ಸುರಿದದ್ದು ಮರಳಿ ತೊಟ್ಟಿಗೇ ಹೋಗಲಿ. ಬುಟ್ಟಿಯನ್ನು ತೊಟ್ಟಿಯ ಮೇಲೆ ಇಪ್ಪತ್ತು ಎಣಿಸುವವರೆಗೆ ಹಿಡಿದು ಆಮೇಲೆ ಸರಿಸಲು ಹುಡುಗರಿಗೆ ಹೇಳಿ. ನೆಲ ಉಳಿಯುತ್ತದೆ, ಆ್ಯಸಿಡ್ ಕೂಡ ಉಳಿಯುತ್ತದೆ.

ಡೈರಿಯಲ್ಲಿದ್ದವನು · ಜುಲೈ 2

ಹಾಲಿನ ಕಾರ್ಖಾನೆಯಲ್ಲಿ ಇಡೀ ಸೇವಾವಧಿ ಕಳೆದವನು ನಾನು. ಹಾಲು ಎಂದರೆ ಸೌಮ್ಯ ಎಂದು ಎಲ್ಲರೂ ತಿಳಿಯುತ್ತಾರೆ. ನೆಲಕ್ಕೆ ಚೆಲ್ಲಿದ ಹಾಲು ಹುಳಿಯಾಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಅದು ಸಿಮೆಂಟ್ ಸಂದನ್ನು ಬಿಡುವುದಿಲ್ಲ. ಅದರ ಮೇಲೆ ಕೊಳವೆ ತೊಳೆದ ಬಿಸಿ ಕಾಸ್ಟಿಕ್, ಆಮೇಲೆ ತೆಳು ನೈಟ್ರಿಕ್, ಆಮೇಲೆ ಹಬೆ. ಒಂದೇ ಸಂದು ದಿನಕ್ಕೆ ನಾಲ್ಕು ಬಗೆಯ ಪೆಟ್ಟು ತಿನ್ನಬೇಕು. ಖಾಲಿಯಾದ ಸಂದಿನಲ್ಲಿ ಹಾಲು ಕೊಳೆತು ರೋಗಾಣು ಬೆಳೆಯುವುದು ನಮ್ಮ ದೊಡ್ಡ ಚಿಂತೆಯಾಗಿತ್ತು. ಮೇಸ್ತ್ರಿಗಳು ಹೇಳಿದ "ಸಂದು ನೋಡು" ಎಂಬ ಮಾತನ್ನು ಹಾಲಿನವರೂ ಬರೆದಿಟ್ಟುಕೊಳ್ಳಬೇಕು.

ಮಾಚೇನಹಳ್ಳಿ ಶೆಡ್ · ಅಕ್ಟೋಬರ್ 21

ಮಳೆ ಹೋಗಿದೆ. ಬಾವಿಯ ನೀರಿನ ವರದಿ ಎರಡು ಸಲ ಬಂದಿದೆ, ಎರಡರಲ್ಲೂ ಕುಡಿಯಲು ತೊಂದರೆಯಿಲ್ಲ ಎಂದಿದೆ. ಮನೆಯವರ ಎದುರು ನಿಂತು ಓದಿ ಹೇಳಿದೆ.

ಹಳೆಯ ಟೈಲ್ಸ್ ಕಿತ್ತಾಗಿದೆ. ಸುತ್ತಿಗೆಯೇ ಬೇಕಾಗಲಿಲ್ಲ, ಕರಣೆ ತೂರಿಸಿದರೆ ಎದ್ದು ಬಂದವು. ಕೆಳಗಿನ ಕಾಂಕ್ರೀಟಿನಲ್ಲಿ ಎಲ್ಲಿಯವರೆಗೆ ಒಡೆಯಬೇಕು ಎಂದು ತಿಳಿಯುವುದು ಹೇಗೆ?

ರಸಾಯನ ಮೇಷ್ಟ್ರು, ಸಾಗರ · ಅಕ್ಟೋಬರ್ 21, ರಾತ್ರಿ

ಆರತಿಯ ಓಕುಳಿ ಮಾಡುವುದು ಹೇಗೆ? ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದನ್ನೇ ಬಳಸಿ. ಈಗತಾನೆ ಒಡೆದ ಕಾಂಕ್ರೀಟಿನ ಮೇಲೆ ಅರಿಸಿನದ ನೀರು ಚಿಮುಕಿಸಿ. ಕೆಂಪಾದರೆ ಅಲ್ಲಿ ಸುಣ್ಣ ಜೀವಂತವಾಗಿದೆ. ಹಳದಿಯಾಗಿಯೇ ಉಳಿದರೆ ಸುಣ್ಣ ಸತ್ತಿದೆ, ಇನ್ನೂ ಆಳಕ್ಕೆ ಒಡೆಯಿರಿ. ಜೊತೆಗೆ ಪಿಎಚ್ ಕಾಗದವನ್ನೂ ಒತ್ತಿ ನೋಡಿ.

ಮಾಚೇನಹಳ್ಳಿ ಶೆಡ್ · ಅಕ್ಟೋಬರ್ 25

ಮೇಷ್ಟ್ರೆ, ನಿಮ್ಮ ಅರಿಸಿನ ನಮಗೆ ನಕ್ಷೆಯನ್ನೇ ಬರೆದುಕೊಟ್ಟಿತು. ತೊಟ್ಟಿಯ ಸುತ್ತ ಮೂರಿಂಚು ಆಳದವರೆಗೆ ಹಳದಿ, ಗೋಡೆಯ ಕಡೆ ಒಂದೇ ಇಂಚಿಗೆ ಕೆಂಪು. ಹಳದಿ ಇದ್ದದ್ದನ್ನೆಲ್ಲ ತೆಗೆದು, ತೊಳೆದು, ಹೊಸ ಕಾಂಕ್ರೀಟ್ ಹಾಕಿ ವಾಟ ಕೊಟ್ಟಿದ್ದೇವೆ. ತುಕ್ಕು ಹಿಡಿದ ಎರಡು ಕಂಬಿಗಳನ್ನೂ ಬದಲಿಸಿದೆವು.

ಇಟ್ಟಿಗೆ ಬಂದಿದೆ, ಒಂದೂವರೆ ಇಂಚು ದಪ್ಪದ್ದು ನೆಲಕ್ಕೆ, ಮೂರಿಂಚಿನದು ಕಟ್ಟೆಗೆ. ಮೇಸ್ತ್ರಿಗಳು ಫೋನಿನಲ್ಲಿ ಹೇಳಿದಂತೆ ಅಡಿಕೆ ತೂಗುವ ತಕ್ಕಡಿ ತಂದು ಪರೀಕ್ಷೆ ಮಾಡಿದೆ. ಮೂರಿಂಚಿನ ಒಂದು ಇಟ್ಟಿಗೆ ಒಣಗಿದ್ದಾಗ 4 ಕಿಲೋ 310 ಗ್ರಾಂ. ಬಚ್ಚಲಿನ ಹಂಡೆಯಲ್ಲಿ ಐದು ಗಂಟೆ ಕುದಿಸಿ, ಒರೆಸಿ ತೂಗಿದರೆ 4 ಕಿಲೋ 365 ಗ್ರಾಂ. 55 ಗ್ರಾಂ ನೀರು, ಶೇ. 1.3ಕ್ಕಿಂತ ಕಡಿಮೆ. ಹಳೆ ಪೇಟೆಯ ತಮ್ಮ ಒಂದು ಬೆಂಕಿ ಇಟ್ಟಿಗೆಯನ್ನೂ ತಂದುಕೊಟ್ಟಿದ್ದರು. ಅದು 3 ಕಿಲೋ 900 ಗ್ರಾಂ ಇದ್ದದ್ದು 4 ಕಿಲೋ 330 ಆಯಿತು.

ಹಳೆ ಪೇಟೆ ವೆಲ್ಡರ್, ಭದ್ರಾವತಿ · ಅಕ್ಟೋಬರ್ 25, ರಾತ್ರಿ

ಕಣ್ಣಾರೆ ನೋಡಿದೆ, ಒಪ್ಪಿದೆ. 430 ಗ್ರಾಂ ನೀರು ಕುಡಿಯುವ ಇಟ್ಟಿಗೆಯನ್ನು ನಾನು ಆ್ಯಸಿಡ್ಡಿಗೆ ಹಾಕಲು ಹೇಳಿದ್ದೆ.

ಕರಣೆ ಹಿಡಿದವನು, ಭದ್ರಾವತಿ · ನವೆಂಬರ್ 3

ಹೊಸ ಕಾಂಕ್ರೀಟಿಗೆ 28 ದಿನ ಕೊಡಲೇಬೇಕು. ಆಮೇಲೂ ಒಣಗಿದೆಯೇ ನೋಡಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ, ಇಲ್ಲವೇ ಕಾಂಕ್ರೀಟ್ ಕಪ್ಪಾಗಿದ್ದರೆ, ಇನ್ನೂ ತೇವವಿದೆ ಎಂದರ್ಥ. ನಾಲ್ಕೈದು ಕಡೆ ಹೀಗೆ ಮಾಡಿ. ನಮ್ಮ ಮಲೆನಾಡಿನಲ್ಲಿ ಈ ಕೆಲಸಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬಯಲುಸೀಮೆಯ ಲೆಕ್ಕದಲ್ಲಿ ದಿನ ಎಣಿಸಿ ಕೆಲಸ ಶುರು ಮಾಡುತ್ತಾರೆ, ತೇವದ ಮೇಲೆ ಪದರ ಹಿಡಿಯದೆ ಗುಳ್ಳೆ ಏಳುತ್ತದೆ.

ಫ್ಯೂರಾನ್ ಗಾರೆ ಗಟ್ಟಿಯಾಗುವುದು ಆಮ್ಲೀಯ ಗಟ್ಟಿಕಾರಕದಿಂದ. ಅದು ನೇರವಾಗಿ ಕಾಂಕ್ರೀಟಿಗೆ ತಾಗಿದರೆ ಸುಣ್ಣ ಆ ಆಮ್ಲವನ್ನು ನುಂಗಿಬಿಡುತ್ತದೆ, ಗಾರೆ ಅಂಟಾಗಿಯೇ ಉಳಿಯುತ್ತದೆ. ನಡುವೆ ಡಾಂಬರಿನ ಪದರ ಬೇಕೇ ಬೇಕು ಎನ್ನುವುದಕ್ಕೆ ಇದು ಎರಡನೇ ಕಾರಣ. ಪದರವನ್ನು ಗೋಡೆಗೆ ಒಂದು ಗೇಣು ಮೇಲಕ್ಕೆ ಏರಿಸಬೇಕು.

ಮಾಚೇನಹಳ್ಳಿ ಶೆಡ್ · ಡಿಸೆಂಬರ್ 4

ಐದು ಹಾಳೆಗಳಲ್ಲಿ ಒಂದರಡಿ ಮಾತ್ರ ಬೆವರು ಕಂಡಿತು, ಚರಂಡಿಯ ಪಕ್ಕದ್ದು. ಅದಕ್ಕಾಗಿ ಇನ್ನೊಂದು ವಾರ ಕಾದು, ಫ್ಯಾನ್ ಇಟ್ಟು ಒಣಗಿಸಿ, ಎರಡನೇ ಸಲ ಹಾಳೆ ಅಂಟಿಸಿ ನೋಡಿದ ಮೇಲೆ ಪದರ ಹಾಕಿಸಿದೆವು. ಈಗ ಚರಂಡಿಯ ಬಾಯಿ ಕಟ್ಟಿ ನೆಲದ ತುಂಬ ಎರಡಿಂಚು ನೀರು ನಿಲ್ಲಿಸಿದ್ದೇವೆ. ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದೇನೆ. ಆವಿಯಾಗುವುದನ್ನು ಕಳೆಯಲು ಪಕ್ಕದಲ್ಲೇ ಅಗಲ ಬಾಯಿಯ ಬಾಣಲೆಯಲ್ಲಿ ನೀರಿಟ್ಟು ಅದಕ್ಕೂ ಗುರುತು.

ಹೊಸನಗರ ರಬ್ಬರ್ ತೋಟ · ಡಿಸೆಂಬರ್ 5

ನಮ್ಮಲ್ಲಿ ಕೆಲಸ ಮುಗಿಯಿತು. ಗ್ರಾನೈಟ್ ಕಟ್ಟೆ, ದೊರಗು ಟೈಲ್ಸ್, ಫ್ಯೂರಾನ್ ಸಂದು. ಟೈಲ್ಸಿನ ಮುಖಕ್ಕೆ ಮೊದಲೇ ಮೇಣ ಸವರಿ ಸಂದು ತುಂಬಿದ್ದರಿಂದ ಕಪ್ಪು ಕಲೆಗಳು ಬಿಸಿ ನೀರಿಗೆ ಮೇಣದ ಜೊತೆ ಎದ್ದುಹೋದವು. ಹೆಂಗಸರು ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ನಿಮಗೆ ಕೃತಜ್ಞತೆ ಮೇಸ್ತ್ರಿಗಳೆ.

ಮಾಚೇನಹಳ್ಳಿ ಶೆಡ್ · ಡಿಸೆಂಬರ್ 7, ಬೆಳಿಗ್ಗೆ

ಮೂರು ರಾತ್ರಿ ಕಳೆಯಿತು. ಬಾಣಲೆಯ ನೀರು ಗುರುತಿನಿಂದ ಒಂದು ನೂಲು ಇಳಿದಿದೆ, ನೆಲದ ನೀರೂ ಅಷ್ಟೇ ಇಳಿದಿದೆ. ಪಕ್ಕದ ಮನೆಯ ಅಜ್ಜಿ ಬಂದು ಎರಡೂ ಗುರುತು ಮುಟ್ಟಿ ನೋಡಿ ಹೋದರು.

ಕರಣೆ ಹಿಡಿದವನು, ಭದ್ರಾವತಿ · ಡಿಸೆಂಬರ್ 7, ರಾತ್ರಿ

ಹಾಗಾದರೆ ಪದರ ಗೆದ್ದಿದೆ. ನೀರು ತೆಗೆದು ಒರೆಸಿ ಒಣಗಿಸಿ. ಗೋಡೆಯ ಬುಡದಲ್ಲಿ, ತೊಟ್ಟಿಯ ಪೀಠದ ಸುತ್ತ ಅರ್ಧ ಇಂಚು ಬಿಟ್ಟುಕೊಂಡು ಕಟ್ಟುತ್ತೇನೆ. ಅದನ್ನು ಬಗ್ಗುವ ಸೀಲೆಂಟಿನಿಂದ ತುಂಬೋಣ. ಗೂಡಿನಿಂದ ಬಂದ ಇಟ್ಟಿಗೆ ವರ್ಷಗಳು ಕಳೆದಂತೆ ತೇವ ಹೀರಿ ಕೂದಲೆಳೆಯಷ್ಟು ಬೆಳೆಯುತ್ತದೆ, ಅದಕ್ಕೆ ಮೈ ಚಾಚಲು ಜಾಗ ಬೇಕು. ಉಳಿದ ಸಂದುಗಳು ಮೂರು ಮಿಲಿಮೀಟರ್. ಗಾರೆಯನ್ನು ಇಬ್ಬರು ಅರ್ಧ ಗಂಟೆಯಲ್ಲಿ ಮುಗಿಸುವಷ್ಟೇ ಕಲಸಬೇಕು, ಮಿಕ್ಕರೆ ಕಲ್ಲಾಗುತ್ತದೆ. ಹುಡುಗರಿಗೆ ಕೈಗವಸು, ಕನ್ನಡಕ ತರಿಸಿಡಿ. ಬಾಗಿಲು, ಕಿಟಕಿ ತೆರೆದಿರಲಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ಇಟ್ಟಿಗೆಗಳನ್ನು ಇವತ್ತೇ ಶೆಡ್ಡಿನ ಒಳಗೆ ಸಾಗಿಸಿ ಹೊದಿಸಿಡಿ, ಇಬ್ಬನಿ ಬೀಳುತ್ತಿದೆ.